ಚಪ್ಪಾಳೆ ತಟ್ಟುವ ಕೈಯೇ ಕಸ ಎಸೆಯುತ್ತಿದೆ



ಸಮುದ್ರದ ತಳಕ್ಕಿಳಿದು ಕಸ ಹೆಕ್ಕುವವರ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲಿ ನೋಡಿಯೇ ಇರುತ್ತೀರಿ. ಬೆನ್ನ ಮೇಲೆ ಗಾಳಿಯ ಸಿಲಿಂಡರ್, ಕಣ್ಣಿಗೆ ಗಾಜಿನ ಮುಖವಾಡ, ಕೈಯಲ್ಲಿ ಬಲೆಯಂಥ ಚೀಲ. ಸಂಬಳವಿಲ್ಲ, ಯಾರ ಒತ್ತಾಯವೂ ಇಲ್ಲ. ತಮ್ಮ ರಜೆಯ ದಿನವನ್ನೂ ಕೈಯ ಹಣವನ್ನೂ ವೆಚ್ಚ ಮಾಡಿ, ಹವಳಕ್ಕೆ ಸುತ್ತಿಕೊಂಡ ನೈಲಾನ್ ಬಲೆಯನ್ನು ಕತ್ತರಿಸಿ ಬಿಡಿಸುತ್ತಾರೆ. ಬಾಟಲಿ, ಚೀಲ, ಹಗ್ಗ, ತಗಡುಗಳನ್ನು ತುಂಬಿಕೊಂಡು ಮೇಲೆ ಬರುತ್ತಾರೆ. ನೋಡಿದ ನಾವು 'ಎಂಥ ದೊಡ್ಡ ಕೆಲಸ!' ಎಂದು ಉದ್ಗರಿಸಿ, ಆ ಚಿತ್ರವನ್ನು ನಾಲ್ಕು ಜನರಿಗೆ ಕಳುಹಿಸಿ, ತಿಂದು ಮುಗಿಸಿದ ಕುರುಕಲು ತಿಂಡಿಯ ಖಾಲಿ ಪಾಕೀಟನ್ನು ಬಸ್ಸಿನ ಕಿಟಕಿಯಿಂದ ಹೊರಗೆ ಬಿಸಾಡುತ್ತೇವೆ.

ಆ ಮುಳುಗುಗಾರರನ್ನು ಹೊಗಳುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿಲ್ಲ. ಅವರಿಗೆ ಹೊಗಳಿಕೆ ಸಾಕಷ್ಟು ಸಂದಿದೆ. ಪ್ರಶ್ನಿಸಬೇಕಾದದ್ದು ನಮ್ಮ ಹೊಗಳಿಕೆಯನ್ನು. ಒಬ್ಬರ ಸೇವೆಗೆ ಚಪ್ಪಾಳೆ ತಟ್ಟುತ್ತ, ಆ ಸೇವೆ ಬೇಕಾಗುವಂಥ ಸ್ಥಿತಿಯನ್ನು ದಿನದಿನವೂ ನಾವೇ ನಿರ್ಮಿಸುತ್ತಿದ್ದರೆ ಆ ಚಪ್ಪಾಳೆಗೆ ಕಪಟವೆಂಬುದಲ್ಲದೆ ಬೇರೆ ಹೆಸರಿಲ್ಲ. 'ಸಿಂಧನೂರು, ಲಿಂಗಸುಗೂರು, ಮಸ್ಕಿಯವರಾದ ನಮಗೂ ಕಡಲಿಗೂ ಏನು ಸಂಬಂಧ?' ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರವಿದೆ. ಅದು ನೀವು ನಿರೀಕ್ಷಿಸುವ ಉತ್ತರವಲ್ಲ.

ನೇತ್ರಾಣಿಯ ತಳದಲ್ಲಿ

ನಮ್ಮ ರಾಜ್ಯದಲ್ಲಿ ಸ್ಕೂಬಾ ಮುಳುಗಾಟಕ್ಕೆ ಹೆಸರಾದ ಸ್ಥಳವೆಂದರೆ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ ನೇತ್ರಾಣಿ ದ್ವೀಪ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ನಿಂತ, ಜನವಸತಿಯಿಲ್ಲದ ಕಲ್ಲುಗುಡ್ಡ ಅದು. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಬಹುಕಾಲ ನೌಕಾಪಡೆಯು ಅದನ್ನು ಗುರಿ ಅಭ್ಯಾಸಕ್ಕೆ ಬಳಸಿತು. ಈಗ ಪ್ರವಾಸಿಗರು ದೋಣಿ ಹತ್ತಿ ಅಲ್ಲಿಗೆ ಹೋಗುತ್ತಾರೆ. ನಮ್ಮ ಊರುಗಳ ಮಕ್ಕಳಿಗೂ ಆ ಹೆಸರು ಹೊಸದಲ್ಲ. 2022ರ ಅಕ್ಟೋಬರ್ 28ರಂದು ತೆರೆಕಂಡ 'ಗಂಧದ ಗುಡಿ' ಚಿತ್ರದಲ್ಲಿ ದಿವಂಗತ ಪುನೀತ್ ರಾಜಕುಮಾರ್ ನೀರಿಗಿಳಿದದ್ದು ಆ ದ್ವೀಪದ ಬಳಿಯಲ್ಲಿಯೇ.

ಅಲ್ಲಿನ ನೀರಿನಡಿಯಲ್ಲಿ ಹವಳವಿದೆ. ಹವಳವೆಂದರೆ ಉಂಗುರದ ಕೆಂಪು ಕಲ್ಲಷ್ಟೇ ನಮಗೆ ನೆನಪಾಗುತ್ತದೆ. ಆದರೆ ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ, ಜೀವಿ. ಅಕ್ಕಿಕಾಳಿನಷ್ಟೋ ಬೆರಳಿನ ಉಗುರಿನಷ್ಟೋ ಗಾತ್ರದ ಸಾವಿರಾರು ಜೀವಿಗಳು ಒತ್ತಾಗಿ ಕುಳಿತು, ನೀರಿನಲ್ಲಿರುವ ಸುಣ್ಣದಂಶವನ್ನು ಹೀರಿ, ತಮ್ಮ ಸುತ್ತ ಗಟ್ಟಿಯಾದ ಗೂಡನ್ನು ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಬಾಳುವ ಸೂಕ್ಷ್ಮ ಪಾಚಿಗಳು ಬಿಸಿಲಿನಿಂದ ಆಹಾರ ತಯಾರಿಸಿ ಆತಿಥ್ಯಕ್ಕೆ ಪ್ರತಿಯಾಗಿ ಒಂದು ಪಾಲನ್ನು ಕೊಡುತ್ತವೆ. ಬಣ್ಣವೂ ಬಹುಮಟ್ಟಿಗೆ ಆ ಪಾಚಿಗಳದ್ದೇ. ಹೀಗೆ ಬೆಳೆದ ಹವಳದ ಸಂದುಗಳಲ್ಲಿ ಚಿಟ್ಟೆಮೀನು, ಗಿಣಿಮೀನು, ಹಾವಿನಂತೆ ನುಸುಳುವ ಮೀನು, ಕಡಲಾಮೆ ಎಲ್ಲವೂ ನೆಲೆ ಕಂಡಿವೆ. ಅದೃಷ್ಟವಿದ್ದವರಿಗೆ ಚುಕ್ಕೆಗಳ ಮೈಯ ತಿಮಿಂಗಿಲ ಶಾರ್ಕ್ ಕೂಡ ದರ್ಶನ ಕೊಟ್ಟಿದೆ. ಜಗತ್ತಿನ ಅತಿ ದೊಡ್ಡ ಮೀನು ಅದು. ಸೂಕ್ಷ್ಮಜೀವಿಗಳನ್ನು ಸೋಸಿ ತಿಂದು ಬದುಕುವ ಸಾಧುಪ್ರಾಣಿ. 2001ರಿಂದ ಅದಕ್ಕೂ ಗಟ್ಟಿ ಹವಳಗಳಿಗೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸ್ಥಾನ ದೊರೆತಿದೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಅವು ಹುಲಿಯ ಸಾಲಿಗೆ ಸೇರಿದವು.

ಸ್ವಯಂಸೇವಕರು ಕಸ ಹೆಕ್ಕುವ ಕ್ರಮವನ್ನು ನಾವು ತಿಳಿಯುವುದು ಒಳ್ಳೆಯದು. ಇದಕ್ಕೆಂದೇ ಮುಳುಗುಗಾರರ ಒಂದು ಅಂತರರಾಷ್ಟ್ರೀಯ ಕಾರ್ಯಕ್ರಮ 2011ರಲ್ಲಿ ಆರಂಭವಾಯಿತು. ಅದರ ನಿಯಮಗಳು ಕಟ್ಟುನಿಟ್ಟಾದವು. ಸಿಕ್ಕ ಬಲೆಯನ್ನು ಎಳೆಯಬಾರದು. ಎಳೆದರೆ ಹವಳ ಮುರಿಯುತ್ತದೆ. ಸ್ವಲ್ಪಸ್ವಲ್ಪವಾಗಿ ಕತ್ತರಿಸಿ ತೆಗೆಯಬೇಕು. ಹಳೆಯ ವಸ್ತುವಿನ ಮೇಲೆ ಈಗಾಗಲೇ ಹವಳ ಬೆಳೆದಿದ್ದರೆ ಅದನ್ನು ಮುಟ್ಟದೆ ಹಾಗೆಯೇ ಬಿಡಬೇಕು. ದಡಕ್ಕೆ ಬಂದ ಮೇಲೆ ಕೆಲಸ ಮುಗಿಯುವುದಿಲ್ಲ. ಚೀಲವನ್ನು ತೂಗಬೇಕು, ಸುರಿಯಬೇಕು, ಬೇರ್ಪಡಿಸಬೇಕು: ಇಷ್ಟು ಬಾಟಲಿ, ಇಷ್ಟು ಚೀಲ, ಇಷ್ಟು ಗಾಳದ ದಾರ, ಇಷ್ಟು ಪಾಕೀಟು ಎಂದು ಒಂದೊಂದನ್ನೂ ಎಣಿಸಿ ದಾಖಲಿಸಬೇಕು. ಎಲ್ಲಿ, ಎಷ್ಟು ಆಳದಲ್ಲಿ, ಯಾವ ಜೀವಿ ಸಿಕ್ಕಿಹಾಕಿಕೊಂಡಿತ್ತು ಎಂಬುದನ್ನೂ ಬರೆಯಬೇಕು. 1996ರಿಂದ ನಡೆಯುತ್ತಿರುವ ಮತ್ತೊಂದು ಸ್ವಯಂಸೇವಾ ಸಮೀಕ್ಷೆಯಲ್ಲಿ ಇದೇ ಬಗೆಯ ಜನ ಮೀನುಗಳನ್ನೂ ಹವಳಗಳನ್ನೂ ಎಣಿಸುತ್ತಾರೆ. ವಿಜ್ಞಾನಿಗಳ ಕೈಗೆ ಸಿಕ್ಕದಷ್ಟು ಮಾಹಿತಿ ಈ ಹವ್ಯಾಸಿಗಳ ಪುಸ್ತಕಗಳಲ್ಲಿ ಸೇರುತ್ತದೆ.

ಎಣಿಸುವ ಈ ಅಭ್ಯಾಸವನ್ನು ನೆನಪಿನಲ್ಲಿಡಿ. ಅದರ ಬಳಿಗೆ ನಾವು ಮತ್ತೆ ಬರಬೇಕಾಗುತ್ತದೆ.

ಚಮಚದಿಂದ ಕಡಲನ್ನು ಮೊಗೆಯುವುದು

ಈಗ ಲೆಕ್ಕಕ್ಕೆ ಬರೋಣ. ಹವ್ಯಾಸಿ ಮುಳುಗುಗಾರನ ಮಿತಿ 40 ಮೀಟರ್ ಆಳ. ಒಂದು ಸಿಲಿಂಡರಿನ ಗಾಳಿ ಸಾಮಾನ್ಯವಾಗಿ ಒಂದು ಗಂಟೆಯನ್ನೂ ದಾಟುವುದಿಲ್ಲ. ಮಳೆಗಾಲದಲ್ಲಿ ಕಡಲು ಕದಡಿ ದೋಣಿಗಳೇ ಹೊರಡುವುದಿಲ್ಲ. ವರ್ಷದಲ್ಲಿ ಕೆಲವೇ ತಿಂಗಳು, ದಿನಕ್ಕೆ ಒಂದೆರಡು ಗಂಟೆ, ಕೈಗೆ ಎಟಕುವಷ್ಟು ತಳ. ಇಷ್ಟೇ ಅವರ ಕ್ಷೇತ್ರ.

ಕಸದ ಕ್ಷೇತ್ರವಾದರೋ ಬೇರೆ. ಜಗತ್ತಿನ 84 ಹವಳದಿಬ್ಬಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 77 ದಿಬ್ಬಗಳ ಮೇಲೆ ಮನುಷ್ಯನ ಕಸ ಕಂಡುಬಂದಿತು. ಆಳಕ್ಕೆ ಹೋದಷ್ಟೂ ಕಸ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಸ್ವಯಂಸೇವಕರ ಕೈ ತಲುಪದ ಕಡೆಯಲ್ಲಿಯೇ ರಾಶಿ ದೊಡ್ಡದು ಎಂದಾಯಿತು. ಅದಕ್ಕೂ ಮೊದಲು, 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಏಷ್ಯಾ-ಪೆಸಿಫಿಕ್ ಪ್ರದೇಶದ 159 ಹವಳದಿಬ್ಬಗಳನ್ನು ನೋಡಲಾಗಿತ್ತು. ಪ್ಲಾಸ್ಟಿಕ್ ತಾಗದ ಹವಳಕ್ಕೆ ರೋಗ ತಗಲುವ ಸಂಭವ ಶೇ. 4, ಪ್ಲಾಸ್ಟಿಕ್ ಸುತ್ತಿಕೊಂಡ ಹವಳಕ್ಕೆ ಶೇ. 89. ಪ್ಲಾಸ್ಟಿಕ್ ಹಾಳೆ ಬೆಳಕನ್ನು ಮುಚ್ಚುತ್ತದೆ, ಮೈಯನ್ನು ಗೀರುತ್ತದೆ, ಗಾಯಕ್ಕೆ ರೋಗಾಣು ಸೇರುತ್ತದೆ. ಆ ಪ್ರದೇಶದ ಹವಳಗಳಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ವಸ್ತುಗಳ ಸಂಖ್ಯೆ ಸುಮಾರು 1,110 ಕೋಟಿ ಎಂದು ಆ ವಿಜ್ಞಾನಿಗಳು ಅಂದಾಜು ಮಾಡಿದರು.

ಇದರ ಮೇಲೆ ಸಮುದ್ರವೇ ಬಿಸಿಯಾಗುತ್ತಿದೆ. ನೀರು ಕಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಜಗತ್ತಿನಾದ್ಯಂತ ಹವಳ ಬಿಳಚುವ ನಾಲ್ಕನೆಯ ವಿಪತ್ತನ್ನು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದರು. ಆ ಬೇಸಿಗೆಯಲ್ಲಿ ನಮ್ಮ ಲಕ್ಷದ್ವೀಪದ ಹವಳಗಳೂ ಬಿಳಚಿದವು. ಈ ಬಿಸಿಯನ್ನು ಯಾವ ಚೀಲದಲ್ಲಿಯೂ ತುಂಬಿ ಮೇಲಕ್ಕೆ ತರಲಾಗದು.

ಹಾಗಾದರೆ ಈ ಸ್ವಯಂಸೇವಕರ ಕೆಲಸ ವ್ಯರ್ಥವೇ? ಅಲ್ಲ. ಬಲೆಯಿಂದ ಬಿಡುಗಡೆಯಾದ ಆಮೆಗೆ ಅದು ವ್ಯರ್ಥವಲ್ಲ. ಆದರೆ ಅದನ್ನು ಪರಿಹಾರವೆಂದು ನಾವು ಹೆಸರಿಸಿದ ಕ್ಷಣದಲ್ಲಿ ಅದು ನಮಗೊಂದು ನೆಪವಾಗುತ್ತದೆ. ಮನೆಯಲ್ಲಿ ನಲ್ಲಿ ತೆರೆದೇ ಇದ್ದು ನೀರು ಅಂಗಳಕ್ಕೆ ಹರಿಯುತ್ತಿರುವಾಗ, ಬಟ್ಟೆಯಿಂದ ನೆಲ ಒರೆಸುವ ಮಗುವನ್ನು ಹೊಗಳುತ್ತ ನಲ್ಲಿಯ ಪಕ್ಕದಲ್ಲಿಯೇ ಕುಳಿತ ಹಿರಿಯರನ್ನು ನೀವು ಏನೆಂದು ಕರೆಯುವಿರಿ?

ನಮ್ಮ ನೀರು ಎಲ್ಲಿಗೆ ಹೋಗುತ್ತದೆ?

ಪರಿಸರದ ಬಗ್ಗೆ ಬರೆಯುವ ಕೆಲವರು ಇಲ್ಲಿ ಒಂದು ಸುಲಭದ ಮಾತು ಹೇಳಿಬಿಡುತ್ತಾರೆ: 'ನೀವು ಸಿಂಧನೂರಿನಲ್ಲಿ ಎಸೆದ ಚೀಲ ನೇತ್ರಾಣಿಯ ಹವಳವನ್ನು ಕೊಲ್ಲುತ್ತದೆ.' ಇದು ಸತ್ಯವಲ್ಲ. ಒಳ್ಳೆಯ ಉದ್ದೇಶಕ್ಕಾಗಿಯೂ ಸುಳ್ಳು ಹೇಳಬಾರದು. ಸಿಂಧನೂರಿನಿಂದ ಮುರ್ಡೇಶ್ವರಕ್ಕೆ ನೇರ ಗೆರೆ ಎಳೆದರೂ ಸುಮಾರು 300 ಕಿಲೋಮೀಟರ್. ನಡುವೆ ಸಹ್ಯಾದ್ರಿ ಅಡ್ಡವಾಗಿದೆ. ನಮ್ಮ ನೀರು ಆ ಕಡೆಗೆ ಹರಿಯುವುದೇ ಇಲ್ಲ. ತುಂಗಭದ್ರೆಯೂ ಕೃಷ್ಣೆಯೂ ಪೂರ್ವಕ್ಕೆ ಹೊರಟು, ಒಂದಾಗಿ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜುಗಳನ್ನು ದಾಟಿ, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಇಷ್ಟು ಅಣೆಕಟ್ಟುಗಳಿರುವಾಗ ನಮ್ಮ ಕಸದಲ್ಲಿ ಬಹಳಷ್ಟು ಕಡಲು ಮುಟ್ಟುವ ಮೊದಲೇ ಎಲ್ಲಿಯೋ ನಿಂತುಬಿಡುತ್ತದೆ. ನದಿಗಳ ಮೂಲಕ ಕಡಲು ಸೇರುವ ಪ್ಲಾಸ್ಟಿಕ್ಕಿನಲ್ಲಿ ಶೇ. 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆಂದೂ, ಕರಾವಳಿಯ ಪಟ್ಟಣಗಳ ನಡುವೆ ಹರಿಯುವ ಚಿಕ್ಕ ನದಿಗಳ ಪಾಲು ಅದರಲ್ಲಿ ದೊಡ್ಡದೆಂದೂ 2021ರ ಅಧ್ಯಯನವೊಂದು ತೋರಿಸಿತು.

'ಹಾಗಾದರೆ ನಾವು ನಿರಪರಾಧಿಗಳು!' ಎಂದು ಸಮಾಧಾನಪಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿ. ನಾವು ಎಸೆದದ್ದು ಕಡಲನ್ನು ಸೇರಲಿಲ್ಲವಾದರೆ ಎಲ್ಲಿ ಸೇರಿತು?

ಎಲ್ಲಿಯೂ ಹೋಗಲಿಲ್ಲ. ನಮ್ಮಲ್ಲಿಯೇ ಉಳಿಯಿತು. ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಸಾಗುವ ತುಂಗಭದ್ರಾ ಎಡದಂಡೆ ನಾಲೆಯ ಸೇತುವೆಗಳ ಕಂಬಗಳಲ್ಲಿ, ಉಪಕಾಲುವೆಗಳ ತೂಬುಗಳಲ್ಲಿ, ನೆಲ್ಲುಗದ್ದೆಗಳ ಬದುಗಳಲ್ಲಿ, ಊರ ಹಳ್ಳಗಳಲ್ಲಿ, ಕೃಷ್ಣೆಯ ದಡದ ಜಾಲಿಮುಳ್ಳಿನಲ್ಲಿ ಅದು ಕುಳಿತಿದೆ. ನಾಲೆಗೆ ನೀರು ನಿಂತ ಬೇಸಿಗೆಯ ದಿನಗಳಲ್ಲಿ ಒಮ್ಮೆ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿ. ನೇತ್ರಾಣಿಯ ಮುಳುಗುಗಾರನಿಗೆ ಸಿಲಿಂಡರ್ ಬೇಕು. ನಮ್ಮ ನಾಲೆಯ ತಳವನ್ನು ನೋಡಲು ಎರಡು ಕಣ್ಣು ಸಾಕು. ನೀರಿನ ಬಾಟಲಿ, ಗುಟ್ಕಾ ಚೀಟಿ, ಚಹದ ಲೋಟ, ಮದುವೆಯ ಊಟದ ತಟ್ಟೆ, ಔಷಧ ಸಿಂಪಡಿಸಿ ಬದುವಿನ ಮೇಲೆ ಬಿಟ್ಟ ಕೀಟನಾಶಕದ ಡಬ್ಬಿ ಎಲ್ಲವೂ ಅಲ್ಲಿ ಸಾಲಾಗಿ ಮಲಗಿವೆ.

ಅದೇ ನಾಲೆಯ ನೀರನ್ನು ಕೆರೆಗೆ ತುಂಬಿ, ಸೋಸಿ, ನಮ್ಮ ಊರುಗಳವರು ಕುಡಿಯುತ್ತಾರೆ. ಅದೇ ನೀರಿನ ಕೊಳಗಳಲ್ಲಿ ಮೀನು ಸಾಕುತ್ತೇವೆ. ಸಿಂಧನೂರಿನ ಸುತ್ತಲಿನ ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಬಾಂಧವರಿಗೆ ಮೀನು ನಿತ್ಯದ ಊಟ. ದನಗಳು ಬದುವಿನ ಹುಲ್ಲಿನ ಜೊತೆಗೆ ಚೀಲವನ್ನೂ ನುಂಗುತ್ತವೆ. ಕಡಲಾಮೆ ಚೀಲ ನುಂಗಿ ಸತ್ತಿತೆಂದು ಕಣ್ಣೀರು ತರುವ ನಾವು, ನಮ್ಮ ಹಿತ್ತಲಿನ ಆಕಳ ಹೊಟ್ಟೆಯಲ್ಲಿ ಅದೇ ಚೀಲವಿರುವುದನ್ನು ಮರೆಯುತ್ತೇವೆ.

ಆದುದರಿಂದ ನೇತ್ರಾಣಿಯು ನಮಗೆ ಅಪರಾಧದ ಸ್ಥಳವಲ್ಲ, ಕನ್ನಡಿ. ದೂರದ ಕಡಲಿನ ಬಗ್ಗೆ ಮರುಗುವುದು ಸುಲಭ, ಏಕೆಂದರೆ ಅಲ್ಲಿ ನಾವು ಮಾಡಬೇಕಾದ ಕೆಲಸ ಯಾವುದೂ ಇಲ್ಲ. ಹತ್ತಿರದ ನಾಲೆಯ ಬಗ್ಗೆ ಮರುಗಿದರೆ ಕೈ ಕೆಸರಾಗುತ್ತದೆ.

ಮೂರು ನೆಪಗಳು

ಮೊದಲನೆಯ ನೆಪ: 'ನಾವು ಬರದ ಸೀಮೆಯವರು. ನಮಗೆ ಕುಡಿಯುವ ನೀರಿನ ಚಿಂತೆ, ಕೂಲಿಯ ಚಿಂತೆ, ದುಡಿಯಲು ಬೆಂಗಳೂರಿಗೆ ಗುಳೆ ಹೋದ ಮಕ್ಕಳ ಚಿಂತೆ. ಕಸದ ಮಾತು ಹೊಟ್ಟೆ ತುಂಬಿದವರದು.' ಈ ಮಾತಿನಲ್ಲಿರುವ ನೋವು ನಿಜ. ಆದರೆ ಅದರ ತೀರ್ಮಾನ ತಪ್ಪು. ನೀರಿನ ಬೆಲೆ ಬಡವನಷ್ಟು ಬಲ್ಲವರು ಯಾರು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ನಮ್ಮ ಸೀಮೆಯ ಜನ ಎಷ್ಟು ಕಳವಳಪಟ್ಟರೆಂಬುದು ನಿಮಗೆ ನೆನಪಿದೆ. ಹರಿದುಹೋಗುವ ಒಂದೊಂದು ಹನಿಯೂ ಒಂದೊಂದು ತೆನೆಯೆಂದು ನಾವು ಲೆಕ್ಕ ಹಾಕಿದೆವು. ಅಷ್ಟು ಅಮೂಲ್ಯವಾದ ನೀರಿಗೆ ಮರುದಿನವೇ ಕಸ ಸುರಿಯುವುದು ಯಾವ ನ್ಯಾಯ? ಕೆಳಭಾಗದ ರೈತರಿಗೆ ನೀರು ತಲುಪದಿರುವುದಕ್ಕೆ ಮುಖ್ಯ ಕಾರಣಗಳು ಬೇರೆಯಿವೆ, ನಿಜ. ಆದರೆ ತೂಬಿನ ಬಾಯಿಗೆ ಸಿಕ್ಕಿಕೊಂಡ ಚೀಲದ ಮುದ್ದೆಯನ್ನು ಕೈಹಾಕಿ ತೆಗೆಯುವವನು ಸಹ ಅದೇ ಕೆಳಭಾಗದ ರೈತನೇ. ಕಸ ಸುಟ್ಟ ಹೊಗೆಯನ್ನು ಕುಡಿಯುವವರು ತಿಪ್ಪೆಯ ಪಕ್ಕದ ಗುಡಿಸಲಿನವರೇ. ಎಲ್ಲೆಂದರಲ್ಲಿ ಬೀಳುವ ಮತ್ತು ಸುಡಲ್ಪಡುವ ಪ್ಲಾಸ್ಟಿಕ್ಕಿನ ಪ್ರಮಾಣ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 93 ಲಕ್ಷ ಟನ್, ಅದು ಜಗತ್ತಿನಲ್ಲಿಯೇ ಮೊದಲ ಸ್ಥಾನ ಎಂದು 2024ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಯಲಲ್ಲಿ ಸುಟ್ಟದ್ದು. ಕಸ ಎಸೆಯುವವರು ಯಾರೇ ಇರಲಿ, ಅದನ್ನು ಉಸಿರಾಡುವವರು ಬಡವರು. ಹೀಗಿರುವಾಗ ಕಸದ ಮಾತು ಹೊಟ್ಟೆ ತುಂಬಿದವರ ಮಾತಾಗುವುದು ಹೇಗೆ?

ಎರಡನೆಯ ನೆಪ: 'ಕಡಲಿನ ಕಸವೆಲ್ಲ ಮೀನುಗಾರರದು.' ನಾನು ಮೇಲೆ ಹೇಳಿದ 2023ರ ಅಧ್ಯಯನದಲ್ಲಿ ಹವಳದ ಮೇಲಿನ ದೊಡ್ಡ ಪ್ಲಾಸ್ಟಿಕ್ ವಸ್ತುಗಳ ಪೈಕಿ ಮುಕ್ಕಾಲು ಭಾಗ ಬಲೆ, ಹಗ್ಗ, ಗಾಳದ ದಾರಗಳೇ ಆಗಿದ್ದುದು ನಿಜ. ಆದರೆ ಬಲೆ ಕಳೆದುಕೊಳ್ಳುವುದು ಯಾವ ಮೀನುಗಾರನಿಗೂ ಹಬ್ಬವಲ್ಲ. ಅದು ಅವನ ಸಾಲದ ಗಂಟು. ದಾರಿ ತೋರಿಸಿದರೆ ಆ ಜನ ಏನು ಮಾಡಬಲ್ಲರೆಂಬುದಕ್ಕೆ ಎರಡು ಉದಾಹರಣೆಗಳಿವೆ. ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ಒಂದು ಕಾಲಕ್ಕೆ ತಿಮಿಂಗಿಲ ಶಾರ್ಕ್‌ಗಳನ್ನು ನೂರುಗಟ್ಟಲೆ ಕೊಲ್ಲಲಾಗುತ್ತಿತ್ತು. 2004ರಲ್ಲಿ ಆರಂಭವಾದ ಪ್ರಚಾರಕಾರ್ಯವು ಆ ಮೀನನ್ನು ತವರಿಗೆ ಹೆರಿಗೆಗೆ ಬರುವ ಮಗಳಿಗೆ ಹೋಲಿಸಿತು. ಅಂದಿನಿಂದ ಅಲ್ಲಿನ ಮೀನುಗಾರರು ಬಲೆಗೆ ಬಿದ್ದ ಆ ದೈತ್ಯ ಮೀನನ್ನು ತಮ್ಮ ಬಲೆಯನ್ನೇ ಕತ್ತರಿಸಿ ಬಿಡುತ್ತಿದ್ದಾರೆ. ಬಲೆಯ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಕೇರಳದ ಕೊಲ್ಲಂ ಜಿಲ್ಲೆಯ ನೀಂಡಕರ ಬಂದರಿನಲ್ಲಿ 2017ರಿಂದ ಮೀನುಗಾರರು ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಮರಳಿ ಕಡಲಿಗೆ ಎಸೆಯದೆ ದಡಕ್ಕೆ ತಂದರು. ಅಲ್ಲಿ ಮಹಿಳೆಯರು ಅದನ್ನು ತೊಳೆದು ಬೇರ್ಪಡಿಸಿ ಯಂತ್ರಕ್ಕೆ ಕೊಟ್ಟರು. ಪುಡಿಯಾದದ್ದು ರಸ್ತೆಯ ಡಾಂಬರಿಗೆ ಸೇರಿತು. ತಮ್ಮ ಬಲೆ ಕತ್ತರಿಸಬಲ್ಲ ಬಡವರಿದ್ದಾರೆ. ಕೈಚೀಲ ಹಿಡಿದು ಅಂಗಡಿಗೆ ಹೋಗಲಾರದ ನಾವು ಅವರ ಕಡೆಗೆ ಬೆರಳು ತೋರಿಸುತ್ತೇವೆ.

ಮೂರನೆಯ ನೆಪ: 'ಇದು ಸರಕಾರದ ಕೆಲಸ.' ಒಪ್ಪೋಣ. ಸರಕಾರಗಳು ಎಲ್ಲಿಯವರೆಗೆ ಬಂದಿವೆ ನೋಡಿ. 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ಸೇರಿದ ರಾಷ್ಟ್ರಗಳು ಪ್ಲಾಸ್ಟಿಕ್ ಮಾಲಿನ್ಯವನ್ನು ನಿಲ್ಲಿಸಲು ಜಾಗತಿಕ ಒಪ್ಪಂದ ಮಾಡಿಕೊಳ್ಳಲು ನಿರ್ಧರಿಸಿದವು. 2024ರ ಕೊನೆಯಲ್ಲಿ ಬುಸಾನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಮಾತುಕತೆ ಒಪ್ಪಂದವಿಲ್ಲದೆ ಮುರಿಯಿತು. ಜಗಳ ಇದ್ದದ್ದು ಮುಖ್ಯವಾಗಿ ಒಂದೇ ವಿಷಯಕ್ಕೆ: ಬಿದ್ದ ಕಸವನ್ನು ಎತ್ತುವುದಷ್ಟೇ ಸಾಕೇ, ಅಥವಾ ಪ್ಲಾಸ್ಟಿಕ್ಕಿನ ಉತ್ಪಾದನೆಗೇ ಮಿತಿ ಹಾಕಬೇಕೇ? ತೈಲ ಮಾರುವ ದೇಶಗಳು ಮಿತಿ ಬೇಡವೆಂದವು. ನಲ್ಲಿ ಮುಚ್ಚುವುದು ಬೇಡ, ನೆಲ ಒರೆಸಿದರೆ ಸಾಕು ಎಂಬ ವಾದ ಅಂತರರಾಷ್ಟ್ರೀಯ ಸಭೆಗಳಲ್ಲಿಯೂ ಇದೆ. ಕಡಲ ಸ್ವಚ್ಛತೆಯ ಚಿತ್ರಗಳನ್ನು ಪ್ಲಾಸ್ಟಿಕ್ ಮಾರುವ ಕಂಪನಿಗಳೂ ಇಷ್ಟಪಡುವುದು ಈ ಕಾರಣಕ್ಕೇ.

ಕಾನೂನು ಇದೆ, ಹಬ್ಬವೂ ಇದೆ

ನಮ್ಮ ದೇಶದಲ್ಲಿ ಕಾನೂನಿಗೆ ಕೊರತೆಯಿಲ್ಲ. ಕರ್ನಾಟಕ ಸರಕಾರವು 2016ರ ಮಾರ್ಚ್ 11ರ ಅಧಿಸೂಚನೆಯಿಂದ ಪ್ಲಾಸ್ಟಿಕ್ ಕೈಚೀಲ, ಬ್ಯಾನರು, ಬಂಟಿಂಗ್ಸ್, ಫ್ಲೆಕ್ಸ್, ತಟ್ಟೆ, ಲೋಟ, ಚಮಚ, ಊಟದ ಮೇಜಿನ ಮೇಲೆ ಹಾಸುವ ಹಾಳೆ ಇವೆಲ್ಲವನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರ ಸರಕಾರವು ದೇಶಾದ್ಯಂತ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ, ಬಲೂನಿನ ಕಡ್ಡಿ, ಸಿಹಿತಿಂಡಿಯ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಹಾಳೆ, ಅಲಂಕಾರದ ಥರ್ಮೋಕೋಲ್ ಮುಂತಾದವನ್ನು ನಿಷೇಧಿಸಿತು. ಗುಟ್ಕಾ, ತಂಬಾಕನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರುವಂತೆಯೇ ಇಲ್ಲ. ತಯಾರಿಸಿದ ಕಂಪನಿಯೇ ತನ್ನ ಹೊದಿಕೆಯ ಕಸವನ್ನು ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕೆಂದು 2016ರ ನಿಯಮಗಳು ಹೇಳುತ್ತವೆ.

ಈಗ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬದ ಅಂಗಳವನ್ನು ಒಮ್ಮೆ ಸುತ್ತಿಬನ್ನಿ. ದ್ವಾರದ ಫ್ಲೆಕ್ಸ್ ನಿಷೇಧಿತ. ತಲೆಯ ಮೇಲಿನ ಬಣ್ಣದ ಬಂಟಿಂಗ್ಸ್ ನಿಷೇಧಿತ. ಊಟದ ಮೇಜಿನ ಹಾಳೆ ನಿಷೇಧಿತ. ಪಾನಕದ ಲೋಟ ನಿಷೇಧಿತ. ಡಿಸೆಂಬರಿನಲ್ಲಿ ನಾವು ಭಕ್ತಿಯಿಂದ ಕಟ್ಟುವ ಗೋದಲಿಯ ಥರ್ಮೋಕೋಲ್ ಬೆಟ್ಟವೂ ನಿಷೇಧಿತ. ಬಡ ಕೂಸು ಹುಟ್ಟಿದ ಕೊಟ್ಟಿಗೆಯನ್ನು ಹುಲ್ಲು, ಮಣ್ಣು, ಜೋಳದ ದಂಟುಗಳಿಂದ ಕಟ್ಟಲು ನಮ್ಮ ಸೀಮೆಯಲ್ಲಿ ಯಾವುದಕ್ಕೆ ಬರ? ಸಮಾಧಿಭೂಮಿಯ ದಿನ ಪ್ಲಾಸ್ಟಿಕ್ ಹೂಮಾಲೆ ಹಾಕಿ ಬರುತ್ತೇವೆ. ಹಿರಿಯರು ಮಣ್ಣಾದರು, ಮಾಲೆ ಮಾತ್ರ ಮಣ್ಣಾಗುವುದಿಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಭೂಮಿಯ ಪೋಷಣೆಯ ಕುರಿತು ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಹವಳದಿಬ್ಬಗಳ ಅಳಿವಿನ ಪ್ರಸ್ತಾಪ ಸ್ಪಷ್ಟವಾಗಿದೆ. ಅದನ್ನು ಕುರಿತ ವಿಚಾರಗೋಷ್ಠಿಯಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಚಹ ಹಂಚಿದರೆ ಪತ್ರವನ್ನು ಓದಿದಂತಾಯಿತೇ?

ನೆರೆಯವರ ಹಬ್ಬದ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ. ಅವರ ಅಂಗಳವೂ ಹೀಗೆಯೇ ಇರಬಹುದು. ಆದರೆ ಗುಡಿಸುವ ಪೊರಕೆ ಮೊದಲು ಸ್ವಂತ ಅಂಗಳಕ್ಕೆ ಬೀಳಬೇಕು.

ಮಸ್ಕಿಯ ಬಂಡೆ ಮತ್ತು ನಮ್ಮ ಪುಸ್ತಕ

1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಸಿಕ್ಕ ಶಿಲಾಶಾಸನವು ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದನ್ನು ಜಗತ್ತಿಗೆ ತಿಳಿಸಿತು. ಅದು ನಮ್ಮ ಹೆಮ್ಮೆ. ಅದೇ ಅಶೋಕನು ಉತ್ತರ ಭಾರತದ ಸ್ತಂಭಗಳ ಮೇಲೆ ಬರೆಸಿದ ಮತ್ತೊಂದು ಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯಿದೆ. ಅದರಲ್ಲಿ ಆಮೆಯಿದೆ, ಕೆಲವು ಮೀನುಗಳಿವೆ. ಇಂತಿಂಥ ದಿನಗಳಲ್ಲಿ ಮೀನು ಹಿಡಿಯಬಾರದು, ಮಾರಬಾರದು ಎಂಬ ಕಟ್ಟಳೆಯೂ ಇದೆ. ಅರಸನೊಬ್ಬನು ನೀರಿನೊಳಗಿನ ಜೀವಿಗಳನ್ನು ಹೆಸರು ಹಿಡಿದು ಎಣಿಸಿದನೆಂಬುದನ್ನು ಗಮನಿಸಿ. ಎಣಿಸಿದವನಿಗೆ ಮಾತ್ರ ಕಳೆದದ್ದು ಗೊತ್ತಾಗುತ್ತದೆ.

ನೇತ್ರಾಣಿಯ ಸ್ವಯಂಸೇವಕರಿಂದ ನಾವು ಕಲಿಯಬೇಕಾದದ್ದು ಮುಳುಗುವುದನ್ನಲ್ಲ. ನಮ್ಮ ನಾಲೆಗೆ ಇಳಿಯುವ ಸಾಹಸ ಬೇಡವೇ ಬೇಡ. ನೀರು ಹರಿಯುವಾಗ ಅದರ ಸೆಳೆತ ಎಷ್ಟು ಮನೆಗಳ ದೀಪ ಆರಿಸಿದೆಯೆಂಬುದು ನಿಮಗೆ ತಿಳಿದಿದೆ. ಕಲಿಯಬೇಕಾದದ್ದು ಅವರ ಎಣಿಕೆಯನ್ನು. ನಾಲೆಗೆ ನೀರು ನಿಂತ ಬೇಸಿಗೆಯಲ್ಲಿ, ನೀರಾವರಿ ಇಲಾಖೆಯವರಿಗೆ ಮೊದಲೇ ತಿಳಿಸಿ, ನಿಮ್ಮ ಧರ್ಮಕೇಂದ್ರದ ಯುವಕರೂ ತಾಯಂದಿರೂ ಒಂದು ಮುಂಜಾನೆ ನೂರು ಮೀಟರ್ ಉದ್ದದ ಒಣ ಕಾಲುವೆಯನ್ನು ಆರಿಸಿಕೊಳ್ಳಲಿ. ಹೆಕ್ಕಿದ್ದನ್ನು ಒಂದೇ ರಾಶಿ ಮಾಡಿ ಬೆಂಕಿ ಹಚ್ಚಬೇಡಿ. ಸುರಿದು, ಬೇರ್ಪಡಿಸಿ, ಎಣಿಸಿ. ಕೀಟನಾಶಕದ ಡಬ್ಬಿಯನ್ನು ಮಕ್ಕಳು ಮುಟ್ಟದಿರಲಿ. ದೊಡ್ಡವರು ಕೈಗವಸು ಹಾಕಿಕೊಂಡು ಬೇರೆಯಿಡಲಿ. ಯಾವ ಕಂಪನಿಯ ಬಾಟಲಿ ಎಷ್ಟು, ಯಾವ ಗುಟ್ಕಾದ ಚೀಟಿ ಎಷ್ಟು, ಊಟದ ತಟ್ಟೆ ಎಷ್ಟು ಎಂದು ಪುಸ್ತಕದಲ್ಲಿ ಬರೆಯಿರಿ. ಅಲ್ಲಿ ಕಂಡ ಕಪ್ಪೆ, ಆಮೆ, ಕೊಕ್ಕರೆ, ಮಿಂಚುಳ್ಳಿಗಳನ್ನೂ ಬರೆಯಿರಿ. ನಮ್ಮ ನೀರಿನಲ್ಲಿಯೂ ಜೀವಿಗಳಿವೆ, ಅವುಗಳಿಗೂ ಹೆಸರಿದೆ ಎಂಬುದು ಮಕ್ಕಳಿಗೆ ತಿಳಿಯಲಿ.

ಆ ಪುಸ್ತಕದ ಒಂದು ಪ್ರತಿ ಸಿಂಧನೂರಿನ ನಗರಸಭೆಗೆ, ಲಿಂಗಸುಗೂರು ಮತ್ತು ಮಸ್ಕಿಯ ಪುರಸಭೆಗಳಿಗೆ ಹೋಗಲಿ. ಇನ್ನೊಂದು ಪ್ರತಿ ಬಾಟಲಿಯ ಮೇಲಿರುವ ವಿಳಾಸಕ್ಕೇ ಹೋಗಲಿ: 'ನಿಮ್ಮ ವಸ್ತು ನಮ್ಮ ಕಾಲುವೆಯಲ್ಲಿದೆ, ನಿಯಮದಂತೆ ಹಿಂದಕ್ಕೆ ಪಡೆಯಿರಿ' ಎಂಬ ನಾಲ್ಕು ಸಾಲಿನ ಪತ್ರದ ಜೊತೆಗೆ. ಉತ್ತರ ಬಾರದೆ ಹೋಗಬಹುದು. ಮುಂದಿನ ಬೇಸಿಗೆಯಲ್ಲಿ ಮತ್ತೆ ಎಣಿಸಿ, ಮತ್ತೆ ಬರೆಯಿರಿ. ಭಾವುಕ ಭಾಷಣಕ್ಕೆ ಅಧಿಕಾರಿಗಳು ತಲೆಯಾಡಿಸಿ ಕಳುಹಿಸುತ್ತಾರೆ. ಮೂರು ವರ್ಷದ ಅಂಕಿಗಳಿಗೆ ತಲೆಯಾಡಿಸುವುದು ಅಷ್ಟು ಸುಲಭವಲ್ಲ.

ಮೂರನೆಯ ಪ್ರತಿ ನಮ್ಮಲ್ಲಿಯೇ ಉಳಿಯಲಿ. ಏಕೆಂದರೆ ಆ ಪುಟದಲ್ಲಿ ನಮ್ಮ ಹಬ್ಬದ ತಟ್ಟೆಗಳೂ ಇರುತ್ತವೆ. ಒಂದು ಹಬ್ಬದಲ್ಲಿ ಎಸೆಯುವ ತಟ್ಟೆ ಲೋಟಗಳ ಹಣವನ್ನು ಕೆಲವು ವರ್ಷ ಕೂಡಿಸಿದರೆ ಇಡೀ ಧರ್ಮಕೇಂದ್ರಕ್ಕೆ ಸಾಲುವಷ್ಟು ಸ್ಟೀಲ್ ತಟ್ಟೆ ಲೋಟಗಳು ಬರುತ್ತವೆ. ಮದುವೆಗೂ ತಿಥಿಗೂ ನಾಮಕರಣಕ್ಕೂ ಅವನ್ನೇ ಕೊಡಬಹುದು. ತೊಳೆಯುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅದು ತಾಯಂದಿರ ತಲೆಯ ಮೇಲೆಯೇ ಬೀಳಬಾರದು. ಉಂಡವರು ತೊಳೆಯಲಿ, ಗಂಡಸರ ಕೈಗೂ ನೀರು ತಾಗಲಿ.

ಕಡಲ ಸ್ವಯಂಸೇವಕರಿಗೆ ನಿಜವಾಗಿ ಗೌರವ ಸಲ್ಲಿಸಬೇಕೆಂದಿದ್ದರೆ ಅವರ ಕೆಲಸ ಕಡಿಮೆಯಾಗುವಂತೆ ಬದುಕಬೇಕು. ಅವರು ರಜೆಯ ದಿನ ನೀರಿಗಿಳಿದಾಗ ಬಲೆ ಕತ್ತರಿಸುವ ಬದಲು ಮೀನು ನೋಡುವಂತಾಗಬೇಕು. ಆ ದಿನ ಅರಬ್ಬಿ ಸಮುದ್ರದಲ್ಲಿ ಬರುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕಾಲುವೆಯಲ್ಲಿ ಬರುವುದು ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಆದುದರಿಂದ ಮುಂದಿನ ಸಲ ಅಂಥದ್ದೊಂದು ಚಿತ್ರ ನಿಮ್ಮ ಮೊಬೈಲಿಗೆ ಬಂದಾಗ ಮುಂದಕ್ಕೆ ಕಳುಹಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಂದು ನನ್ನ ಮನೆಯಿಂದ ಹೊರಬಿದ್ದ ಕಸ ಎಷ್ಟು, ಅದು ಈಗ ಎಲ್ಲಿದೆ? ಉತ್ತರ ಗೊತ್ತಿಲ್ಲದಿದ್ದರೆ ಚಪ್ಪಾಳೆಯನ್ನು ತಡೆದಿಡಿ, ಪುಸ್ತಕವನ್ನು ತೆರೆಯಿರಿ.